ಕಡಲಾಚೆಯ ನೆರೆಮನೆ

ಪಂಪ್‌ವೆಲ್‌ನಲ್ಲಿ ಮನೆ ಎಂದರೆ ಕೇಳಿದವರಿಗೆ ಥಟ್ಟನೆ ನೆನಪಾಗುವುದು ರಸ್ತೆ. ಕಾಸರಗೋಡು ಕಡೆಯಿಂದ ಉಡುಪಿಗೆ ಹೋಗುವ ಹೆದ್ದಾರಿ 66 ಹಾಯುವುದು ಇಲ್ಲೇ, ಘಟ್ಟ ಇಳಿದು ಬರುವ ಬೆಂಗಳೂರಿನ ಬಸ್ಸುಗಳು ನಿದ್ದೆಗಣ್ಣಿನವರನ್ನು ಬೆಳಗಿನ ಜಾವ ಇಳಿಸುವುದೂ ಇಲ್ಲೇ. ನಡುವೆ ಒಂದು ದೊಡ್ಡ ಕಲಶ ಇತ್ತು. ಮೇಲ್ಸೇತುವೆಯ ಕಾಮಗಾರಿಗೆಂದು ಅದನ್ನೂ ತೆಗೆದರು. ಆ ಮೇಲ್ಸೇತುವೆ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯುವಷ್ಟರಲ್ಲಿ ಅದರ ವಿಳಂಬದ ಮೇಲಿನ ಜೋಕುಗಳೆಲ್ಲ ಹಳತಾಗಿದ್ದವು. ಇಂಥಲ್ಲಿ ಬೆಳೆದವನು ಹಡಗು, ದೋಣಿ, ದ್ವೀಪ ಎಂದು ಬರೆಯಹೊರಟರೆ ನೆರೆಯವರೇ ನಕ್ಕಾರು. ಆದರೆ ನಮ್ಮ ಮನೆಯ ಅನ್ನ ಬಂದದ್ದು ಕಡಲಿನಿಂದ. ಮೀನಿನಿಂದಲ್ಲ, ಹಡಗಿನಿಂದ.

ಅಪ್ಪ ಬಂದರಿನ ಒಂದು ಮಂಡಿಯಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಗಂಜಿ ಉಂಡು, ಬಸ್ಸಿನಲ್ಲಿ ಹಂಪನಕಟ್ಟೆಗೆ ಹೋಗಿ, ಅಲ್ಲಿಂದ ಇಳಿಜಾರಿನಲ್ಲಿ ನಡೆದು ಬಂದರಿಗೆ. ಮಂಡಿಯ ಗಿರಾಕಿಗಳಲ್ಲಿ ಹೆಚ್ಚಿನವರು ‘ದ್ವೀಪದವರು’. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಲಕ್ಷದ್ವೀಪದ ಮಂಜಿಗಳು, ಅಂದರೆ ಸರಕಿನ ಹಾಯಿಹಡಗುಗಳು, ಅಳಿವೆ ಬಾಗಿಲು ದಾಟಿ ಹಳೆ ಬಂದರಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ತರುತ್ತಿದ್ದದ್ದು ಕೊಬ್ಬರಿ ಮತ್ತು ಕತ್ತದ ಹುರಿ. ಒಯ್ಯುತ್ತಿದ್ದದ್ದು ಉಳಿದದ್ದೆಲ್ಲ: ಕುಚ್ಚಲಕ್ಕಿ, ಬೆಲ್ಲ, ನೀರುಳ್ಳಿ, ಒಣಮೆಣಸು, ಹೊಗೆಸೊಪ್ಪು, ಹಂಚು, ಆಡು, ಕೋಳಿ, ಒಂದೊಂದು ಸಲ ಮದುವೆಗೆಂದು ಕಟ್ಟಿಸಿದ ಮಂಚ. ಅಕ್ಕಿ ಬೆಳೆಯದ ಮಣ್ಣಿನಲ್ಲಿ ಕುಳಿತವರಿಗೆ ನಮ್ಮ ಬಂದರೇ ಉಗ್ರಾಣ. ದಕ್ಕೆಯಿಂದ ಮಂಜಿಗೆ ಒಂದು ಹಲಗೆ ಹಾಕಿರುತ್ತಿದ್ದರು. ಆ ಹಲಗೆಯ ಮೇಲೆ ತಲೆಹೊರೆಯವರು ಅಕ್ಕಿಮುಡಿ ಹೊತ್ತು ನಡೆಯುವಾಗ ಅದು ನಡುವಿನಲ್ಲಿ ಬಾಗಿ ಏಳುತ್ತಿತ್ತು. ಏಳುವ ಹೊತ್ತಿಗೆ ಸರಿಯಾಗಿ ಅವರು ಮುಂದಿನ ಹೆಜ್ಜೆ ಇಡುತ್ತಿದ್ದರು. ಒಬ್ಬನೂ ಕೆಳಗೆ ನೋಡುತ್ತಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಪ್ರತಿ ಮುಡಿಗೆ ಒಂದು ಗೀಟು ಎಳೆಯುತ್ತಿದ್ದರು, ಐದನೆಯದು ಅಡ್ಡಗೀಟು.

ಸೀಸನ್ನಿನಲ್ಲಿ ಅಪ್ಪ ಸಂಜೆ ಬರುವಾಗ ಕೈಚೀಲದಲ್ಲಿ ಒಣ ಬಾಳೆಲೆಯಲ್ಲಿ ಸುತ್ತಿದ ಉಂಡೆಗಳಿರುತ್ತಿದ್ದವು. ತೆಂಗಿನಕಾಯಿ ತುರಿಯನ್ನು ದ್ವೀಪದ ಬೆಲ್ಲದಲ್ಲಿ ಕುದಿಸಿ ಕಟ್ಟಿದ್ದು. ಎಲೆ ಬಿಡಿಸುವಾಗ ಅದರ ನಾರು ಉಂಡೆಗೆ ಅಂಟಿ ಬರುತ್ತಿತ್ತು, ನಾವು ಅದನ್ನೂ ಸೇರಿಸಿ ಜಗಿಯುತ್ತಿದ್ದೆವು. ತಿಂಗಳಾದರೂ ಕೆಡುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ನಮ್ಮಲ್ಲಿ ಎರಡು ದಿನ ಉಳಿದದ್ದಿಲ್ಲ, ಹಾಗಾಗಿ ಪರೀಕ್ಷೆ ಮಾಡಲಾಗಲಿಲ್ಲ.

ಅಪ್ಪನಿಗೆ ಆ ದ್ವೀಪಗಳು ಪರದೇಶವಾಗಿರಲಿಲ್ಲ, ಜಿಲ್ಲೆಯ ಇನ್ನೊಂದು ತಾಲೂಕಿನ ಹಾಗೆ ಮಾತಾಡುತ್ತಿದ್ದರು. ಅದರಲ್ಲಿ ತಪ್ಪೂ ಇರಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ, ಈ ಐದು ಅಮಿನ್‌ದಿವಿ ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತ ಬಿಟ್ಟು ಟಿಪ್ಪುವಿನ ಕೈಗೆ ಬಂದವು. ಹುರಿಯ ವ್ಯಾಪಾರವನ್ನು ಅರಕ್ಕಲ್ ಅರಮನೆಯೇ ಹಿಡಿದಿಟ್ಟುಕೊಂಡದ್ದು ದ್ವೀಪದವರ ಸಿಟ್ಟಿಗೆ ಕಾರಣವಾಗಿತ್ತು. 1799ರ ನಂತರ ಇಂಗ್ಲಿಷರು ಅವನ್ನು ಕೆನರಾಕ್ಕೆ ಸೇರಿಸಿದರು. ಹುರಿ ಕೊಟ್ಟು ಅಕ್ಕಿ ಒಯ್ಯುವ ಸರಕಾರಿ ಡಿಪೋ ಮಂಗಳೂರಿನಲ್ಲಿತ್ತು, ಅವರ ಕಲೆಕ್ಟರ್ ಕೂರುತ್ತಿದ್ದದ್ದೂ ಮಂಗಳೂರಿನಲ್ಲೇ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಈ ಐದು ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಕಾಸರಗೋಡಿಗಾಗಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಬದುಕಿಡೀ ದನಿ ಎತ್ತಿದರು. ದ್ವೀಪಗಳಿಗಾಗಿ ಇಲ್ಲಿ ಯಾರೂ ಒಂದು ಅರ್ಜಿ ಬರೆದಂತೆ ಕಾಣೆ. ಅಲ್ಲಿಯವರ ಮಾತು ಕನ್ನಡವಲ್ಲ, ತುಳುವೂ ಅಲ್ಲ, ಇರಲಿ. ಆದರೂ ಒಂದೂವರೆ ಶತಮಾನ ಒಂದೇ ಕಚೇರಿಯ ಮೆಟ್ಟಿಲು ಹತ್ತಿದವರನ್ನು ಇಷ್ಟು ಬೇಗ ಮರೆತೆವಲ್ಲ ಎಂದು ನನಗೆ ಈಗಲೂ ಸೋಜಿಗ. ಅಪ್ಪನ ವಿವರಣೆ ಚಿಕ್ಕದು: “ಬಸ್ಸು ಹೋಗದ ಊರಲ್ಲವಾ ಮಾರಾಯ, ಯಾರಿಗೆ ನೆನಪುಂಟು?”

ನನ್ನ ಸ್ವಂತ ಜಲಪ್ರಯಾಣಗಳು ಇಷ್ಟು ದೊಡ್ಡ ಚರಿತ್ರೆಯವಲ್ಲ. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ಅಪ್ಪ ಭಾನುವಾರವೂ ಮಂಡಿಗೆ ಹೋಗುತ್ತಿದ್ದರು, ಜತೆಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಮಧ್ಯಾಹ್ನದ ಮೇಲೆ ಕೆಲಸ ಮುಗಿದರೆ ಬೆಂಗ್ರೆಗೆ. ಫಲ್ಗುಣಿ, ಅಂದರೆ ನಮ್ಮ ಗುರುಪುರ ಹೊಳೆ, ಕಡಲಿನ ಹತ್ತಿರ ಬಂದು ನೇರ ಸೇರದೆ ದಕ್ಷಿಣಕ್ಕೆ ತಿರುಗಿ, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಸಮುದ್ರಕ್ಕಿಳಿಯುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಉದ್ದನೆಯ ಮರಳ ಪಟ್ಟಿ ಬೆಂಗ್ರೆ. ಬಂದರಿನಲ್ಲಿ ನಿಂತರೆ ಆಚೆ ದಡದ ಮನೆಯಂಗಳದಲ್ಲಿ ಒಣಗಿಸಿದ ಲುಂಗಿಯ ಬಣ್ಣ ಹೇಳಬಹುದು. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು, ಪಣಂಬೂರು, ತಣ್ಣೀರುಬಾವಿ ಬಳಸಿ ಹತ್ತು ಕಿಲೋಮೀಟರಿಗೂ ಮೀರಿದ ಸುತ್ತು. ಫೆರಿಯಲ್ಲಿ ಒಂದು ಬೀಡಿ ಸೇದಿ ಮುಗಿಯುವಷ್ಟು ಹೊತ್ತು.

ಆ ಫೆರಿಯಲ್ಲಿ ನೋಡುವಂಥದು ಏನೂ ಇಲ್ಲ ಎಂದು ಹೇಳುವವರಿದ್ದಾರೆ. ನನಗೆ ಅಲ್ಲಿ ನೋಡಿ ಮುಗಿದದ್ದೇ ಇಲ್ಲ. ಮರದ ದೋಣಿ, ನಡುವೆ ಡೀಸೆಲ್ ಎಂಜಿನ್, ಅದರ ಬಡಿತ ಅಂಗಾಲಿನಿಂದ ಹತ್ತಿ ಹಲ್ಲಿಗೆ ತಾಗುತ್ತದೆ. ಅಂಚಿನ ಹಲಗೆಯ ಮೇಲೆ ಕೂರಲು ಜಾಗ ಸಿಕ್ಕರೆ ಅದೃಷ್ಟ. ಬೆಳಿಗ್ಗೆ ಆಚೆಯಿಂದ ಈಚೆಗೆ ಬರುವಾಗ ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಬಂದರಿನಲ್ಲಿ ಬಲೆ ಹೆಣೆಯುವವರು. ಸಂಜೆ ಅದೇ ಜನ ಖಾಲಿ ಬುಟ್ಟಿಯಲ್ಲಿ ತರಕಾರಿ ತುಂಬಿಕೊಂಡು ಹಿಂದಕ್ಕೆ. ಒಂದು ಸಲ ಒಬ್ಬ ಬ್ಯಾರಿ ಅಜ್ಜ ಸೀಲಿಂಗ್ ಫ್ಯಾನನ್ನು ಅದರ ಪೆಟ್ಟಿಗೆ ಸಮೇತ ತಲೆಯ ಮೇಲೆ ಇಟ್ಟುಕೊಂಡೇ ಹೊಳೆ ದಾಟಿದ್ದನ್ನು ನೋಡಿದ್ದೆ. ಕೆಳಗಿಟ್ಟರೆ ಮೀನುನೀರು ತಾಗುತ್ತದೆಂದು. ದಕ್ಕೆಗೆ ಕಟ್ಟಿದ ಟ್ರಾಲ್ ಬೋಟುಗಳ ಮೂತಿಗಳ ನಡುವೆ ಸಂದು ಹುಡುಕಿ ದೋಣಿ ಹೊರಗೆ ಬರುವಾಗ ತಾಂಡೇಲ ಕೈಯಿಂದಲೇ ಪಕ್ಕದ ಬೋಟನ್ನು ನೂಕುತ್ತಿದ್ದ. ಹೊಸಬರು ಯಾರಾದರೂ ದಡ ಮುಟ್ಟುವ ಮೊದಲೇ ಎದ್ದು ನಿಂತರೆ ಅವನ ತುಳು ಒಂದೇ ವಾಕ್ಯದ್ದು: “ಅರ್ಜೆಂಟ್ ಮಲ್ಪೊಡ್ಚಿ!” ಅವಸರ ಮಾಡಬೇಡಿ ಎಂದು.

ಇಳಿದು ತೆಂಗಿನ ತೋಪು ಹಾಯ್ದು ನಡೆದರೆ ಸ್ವಲ್ಪ ಹೊತ್ತಿನಲ್ಲಿ ಕಡಲು. ಅಲ್ಲಿ ಬೀಚ್ ಎನ್ನುವ ಮಾತೇ ಇರಲಿಲ್ಲ. ಕಡಲ ಕರೆ ಎಂದರೆ ಬಲೆ ಒಣಗಿಸುವ ಜಾಗ, ದೋಣಿಗೆ ಎಣ್ಣೆ ಹಚ್ಚುವ ಜಾಗ. ಮರಳಿನ ಮೇಲೆ ಸುಮ್ಮನೆ ಕೂತ ನಮ್ಮನ್ನು ಕಂಡು ಒಬ್ಬ ಮೊಗವೀರ ಹೆಂಗಸು ಅಪ್ಪನನ್ನು ಕೇಳಿದ್ದರು: “ಯಾರನ್ನಾದರೂ ಕಾಯುತ್ತಿದ್ದೀರಾ ಅಣ್ಣ?” ಕಡಲು ನೋಡಲು ಬಂದದ್ದು ಎಂದು ಹೇಳಲು ಅಪ್ಪನಿಗೂ ನಾಚಿಕೆಯಾಗಿರಬೇಕು. ಹೂಂ ಎಂದರು.

ನೋಡಲೆಂದೇ ಹೋಗುವ ದೋಣಿಯನ್ನು ನಾನು ಹತ್ತಿದ್ದು ಕಾಲೇಜಿನಲ್ಲಿದ್ದಾಗ, ಮಲ್ಪೆಯಲ್ಲಿ. ಸೈಂಟ್ ಮೇರೀಸ್ ದ್ವೀಪ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ಶಿಲುಬೆ ನೆಟ್ಟು ಆ ಹೆಸರಿಟ್ಟ ಎಂಬ ಪ್ರತೀತಿಯನ್ನು ಬಸ್ಸಿನಲ್ಲೇ ಮೇಷ್ಟ್ರು ಹೇಳಿ ಮುಗಿಸಿದ್ದರು. ಆಗ ಜೀವರಕ್ಷಕ ಜಾಕೆಟ್ ಇಲ್ಲ, ಹಾಡಿನ ಪೆಟ್ಟಿಗೆ ಇಲ್ಲ. ಮೀನುಗಾರಿಕಾ ಬಂದರಿನಿಂದ ಹೊರಟ ದೊಡ್ಡ ಬೋಟು ದ್ವೀಪದ ತೀರ ಹತ್ತಿರ ಹೋಗುವುದಿಲ್ಲ, ಕೆಳಗೆ ಬಂಡೆ. ಸ್ವಲ್ಪ ದೂರದಲ್ಲಿ ನಿಂತ ಅದರ ಬದಿಗೆ ಒಂದು ಸಣ್ಣ ದೋಣಿ ಬಂದು ತಾಗುತ್ತದೆ. ಅದಕ್ಕೆ ಇಳಿದು, ಮೊಣಕಾಲುದ್ದದ ನೀರಿನಲ್ಲಿ ಕಾಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಕರೆ ಸೇರಬೇಕು. ಸೀರೆಯುಟ್ಟ ನಮ್ಮ ಸಹಪಾಠಿಗಳು ಆ ಇಳಿಯುವುದರಲ್ಲಿ ಅನುಭವಿಸಿದ ಪೀಕಲಾಟ ಅವರಿಗೂ ನೆನಪಿರಬಹುದು.

ಕಂಬಗಲ್ಲುಗಳನ್ನು ಮೊದಲು ಕಂಡಾಗ ಯಾರೋ ಕಡಿದು ಜೋಡಿಸಿದ್ದಾರೆಂದೇ ಅನ್ನಿಸಿತು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿ ನಿಂತಿವೆ. ಕೆಲವು ನನ್ನ ಸೊಂಟಕ್ಕೆ, ಕೆಲವು ತಲೆಯ ಎಷ್ಟೋ ಮೇಲಕ್ಕೆ. ಲಾವಾ ತಣಿಯುತ್ತ ಕುಗ್ಗುವಾಗ ಬಿರುಕು ಬಿಡುತ್ತದೆ, ಬಿರುಕು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋಗಿ ಕಂಬಗಳಾಗುತ್ತವೆ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದ ಕಲ್ಲು ಅದು, ಸುಮಾರು ಒಂಬತ್ತು ಕೋಟಿ ವರ್ಷ ಹಳತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಉತ್ಸಾಹದಲ್ಲಿ ಮನೆಗೆ ಬಂದು ಎಲ್ಲ ವರದಿ ಒಪ್ಪಿಸಿದೆ. ಅಪ್ಪ ಕೇಳಿದ್ದು ಮೂರೇ ಪ್ರಶ್ನೆ: ಅಲ್ಲಿ ಕುಡಿಯುವ ನೀರುಂಟಾ, ಅಂಗಡಿ ಉಂಟಾ, ಮನುಷ್ಯರಿದ್ದಾರಾ. ಮೂರಕ್ಕೂ ಇಲ್ಲ ಎಂದೆ. “ಮತ್ತೆ ಎಂಥದಕ್ಕೆ ಹೋದದ್ದು?”

ಆಗ ನಕ್ಕಿದ್ದೆ. ಮೊಮ್ಮಕ್ಕಳನ್ನು ಕರೆದುಕೊಂಡು ಈಚೆಗೆ ಮತ್ತೆ ಹೋದಾಗ ಜಾಕೆಟ್ ಇತ್ತು, ಹಾಡು ಇತ್ತು, ಹಾಡಿಗೆ ಬೋಟಿನಲ್ಲೇ ಕುಣಿತ ಇತ್ತು. ಬ್ಯಾಗಿನಲ್ಲಿ ತಿಂಡಿ, ಪ್ಲಾಸ್ಟಿಕ್ಕು ಇದೆಯೇ ಎಂದು ನೋಡಿ ಬಿಡುತ್ತಾರೆ, ಅದು ಒಳ್ಳೆಯದೇ. ಆದರೆ ಬೋಟಿನಲ್ಲಿದ್ದ ಅಷ್ಟೂ ಜನರಲ್ಲಿ ಆಚೆ ಕೆಲಸ ಇದ್ದವರು ಒಬ್ಬರೂ ಇರಲಿಲ್ಲ. ಮಳೆ ಶುರುವಾದರೆ ಈ ಬೋಟು ಸೆಪ್ಟೆಂಬರ್ ತನಕ ನಿಂತೇಬಿಡುತ್ತದೆ, ಯಾರಿಗೂ ನಷ್ಟವಿಲ್ಲ. ಬೆಂಗ್ರೆಯ ಫೆರಿ ಆಷಾಢದ ಮಳೆಯಲ್ಲೂ ಬದಿಗೆ ತಾಡಪಾಲು ಇಳಿಸಿಕೊಂಡು ಹೋಗುತ್ತಿರುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದಾಟುವ ದೋಣಿ ಈ ಎರಡರ ನಡುವಿನದು: ಟಿಪ್ಪು 1784ರಲ್ಲಿ ಕಟ್ಟಿಸಿದ ಬತ್ತೇರಿಯ ಮುಂದೆ ಸೆಲ್ಫಿ ತೆಗೆಯುವವರೂ ಅದರಲ್ಲಿ, ತಿಂಗಳ ರೇಷನ್ ಹೊತ್ತವರೂ ಅದರಲ್ಲಿ. ನನಗೆ ಹೆಚ್ಚು ಇಷ್ಟ ಅದು.

ಇನ್ನು ದೊಡ್ಡಪ್ಪನ ಕಥೆಯನ್ನು ಬಿಟ್ಟರೆ ಮನೆಯವರು ಬಿಡಲಿಕ್ಕಿಲ್ಲ. ಅವರು ಹುಡುಗನಾಗಿದ್ದಾಗ ಬೊಂಬಾಯಿಯ ಹೋಟೆಲಿಗೆ ದುಡಿಯಲು ಹೋದದ್ದು ಸ್ಟೀಮರಿನಲ್ಲಿ. ಹಳೆ ಬಂದರಿನಲ್ಲಿ ಆಳವಿಲ್ಲ, ಸ್ಟೀಮರು ಹೊರಗೆ ಕಡಲಲ್ಲೇ ನಿಲ್ಲುತ್ತಿತ್ತು; ದೋಣಿಯಲ್ಲಿ ಹೋಗಿ ಹತ್ತಬೇಕು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ್ದು, ಹೊನ್ನಾವರ ದಾಟುವ ಮೊದಲೇ ಅಮ್ಮ ಕಟ್ಟಿಕೊಟ್ಟದ್ದೆಲ್ಲ ವಾಂತಿಯಾಗಿ ಹೋದದ್ದು, ಇದನ್ನು ಅವರು ಯುದ್ಧದಿಂದ ಮರಳಿದವರ ಠೀವಿಯಲ್ಲಿ ಹೇಳುತ್ತಿದ್ದರು. ಘಟ್ಟದ ಬಸ್ಸು ಬಂತು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಕರಾವಳಿಯವರು ಕಡಲಿಗೆ ಬೆನ್ನು ಹಾಕಿ ಪ್ರಯಾಣ ಮಾಡಲು ಕಲಿತದ್ದು ಹೀಗೆ.

ನಾನೂ ಬೆನ್ನು ಹಾಕಿದವನೇ. ಅಪ್ಪ ತೀರಿದ ಮೇಲೆ ಬಂದರಿಗೆ ಹೋಗಲು ಕಾರಣವೂ ಉಳಿಯಲಿಲ್ಲ. ಹಾಗಿರುವಾಗ 2018ರ ಸುಮಾರಿಗೆ ದ್ವೀಪವೇ ನಮ್ಮ ಮನೆಗೆ ಬಂತು. ಕಂಕನಾಡಿ, ಪಂಪ್‌ವೆಲ್ ಸುತ್ತ ಆಸ್ಪತ್ರೆಗಳು ಹೆಚ್ಚಾದಂತೆ ನಮ್ಮ ಓಣಿಯಲ್ಲಿ ಅನೇಕರು ಮಹಡಿಯ ಕೋಣೆಯನ್ನು ರೋಗಿಗಳ ಕಡೆಯವರಿಗೆ ಬಾಡಿಗೆಗೆ ಕೊಡುತ್ತಾರೆ. ನಮ್ಮ ಕೋಣೆಗೆ ಬಂದವರು ಕಿಲ್ತಾನಿನ ಒಬ್ಬ ನಿವೃತ್ತ ಶಾಲಾ ಮಾಸ್ತರರು, ಸೊಂಟದ ಶಸ್ತ್ರಚಿಕಿತ್ಸೆಗೆ ಹೆಂಡತಿಯನ್ನು ಕರೆತಂದವರು. ನಾವು ಅವರನ್ನು ಮಾಷ್ ಎಂದೇ ಕರೆದೆವು. ಅವರ ದ್ವೀಪದ ಮಲಯಾಳ, ನನಗೆ ಬಂದರಿನಲ್ಲಿ ಕಿವಿಗೆ ಬಿದ್ದ ಬ್ಯಾರಿ ಭಾಷೆ, ಎರಡೂ ನಡುದಾರಿಯಲ್ಲಿ ಕೈಹಿಡಿದವು.

ಅವರು ಬಂದ ದಾರಿ ಕೇಳಿ ನಾನು ಬೆಪ್ಪಾದೆ. ಅಮಿನ್‌ದಿವಿಗಳಿಗೆ ಮಂಗಳೂರೇ ಹತ್ತಿರದ ದೊಡ್ಡ ಪಟ್ಟಣ. ಆದರೆ ಬೇಕೆಂದಾಗ ಇತ್ತ ಪ್ರಯಾಣಿಕರ ಹಡಗು ಇರಲಿಲ್ಲ. ಅವರು ಹೆಂಡತಿಯನ್ನು ಹಡಗು ಹತ್ತಿಸಿ, ತೆಂಕಣ ಕೊಚ್ಚಿಗೆ ಹೋಗಿ, ಅಲ್ಲಿಂದ ರೈಲು ಹಿಡಿದು ಅರ್ಧಕ್ಕೂ ಹೆಚ್ಚು ಕೇರಳ ಹಾಯ್ದು ಹಿಂದಕ್ಕೆ ಬಂದು, ನಮ್ಮ ಪಡೀಲಿನ ಮಂಗಳೂರು ಜಂಕ್ಷನ್‌ನಲ್ಲಿ ಇಳಿದಿದ್ದರು. “ಹಡಗು ಇವಳಿಗೆ ಕಷ್ಟವಾಗಲಿಲ್ಲ. ರೈಲಿನ ಮೆಟ್ಟಿಲು ಕಷ್ಟವಾಯಿತು,” ಎಂದರು.

ನಾನು ನಂಬಲಿಲ್ಲ. ಆಮೇಲೆ ಹಡಗು ಹತ್ತುವುದು ಹೇಗೆಂದು ಬಿಡಿಸಿ ಹೇಳಿದರು. ದ್ವೀಪದ ಸುತ್ತ ಹವಳದ ದಿಬ್ಬ. ಅದರೊಳಗಿನ ಕೊಳದಂಥ ನೀರಿಗೆ ದೊಡ್ಡ ಹಡಗು ಬರಲಾರದು. ಏಳುನೂರು ಜನ ಹಿಡಿಯುವ ‘ಎಂ.ವಿ. ಕವರತ್ತಿ’ ಆದರೂ ದಿಬ್ಬದ ಹೊರಗೇ ನಿಲ್ಲಬೇಕು. ಊರಿನವರು ಸಣ್ಣ ಬೋಟುಗಳಲ್ಲಿ ಅದರ ಬಳಿಗೆ ಹೋಗುತ್ತಾರೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು ತೆರೆದಿರುತ್ತದೆ, ಅಲ್ಲಿ ಇಬ್ಬರು ಖಲಾಸಿಗಳು. ತೆರೆ ಬೋಟನ್ನು ಎತ್ತಿ ಬಾಗಿಲ ಮಟ್ಟಕ್ಕೆ ತರುವ ಒಂದು ಗಳಿಗೆ ಇದೆಯಲ್ಲ, ಆಗ ಹೆಜ್ಜೆ ಇಡಬೇಕು. ಮೊದಲೇ ಇಟ್ಟರೆ ಹಡಗಿನ ಬದಿಗೆ ಮಂಡಿ ಬಡಿಯುತ್ತದೆ, ತಡವಾದರೆ ಬೋಟು ಕೆಳಗಿಳಿದು ಕಾಲಡಿಯಲ್ಲಿ ಏನೂ ಇರುವುದಿಲ್ಲ. ಖಲಾಸಿಗಳು ತೋಳಿಗೆ ಕೈ ಹಾಕಿ ಎಳೆದುಕೊಳ್ಳುತ್ತಾರೆ. ಮಕ್ಕಳು, ಕೋಳಿ, ಅಕ್ಕಿಚೀಲ, ಸೊಂಟ ನೋವಿನ ಹೆಂಗಸರು, ಎಲ್ಲರಿಗೂ ಅದೊಂದೇ ಬಾಗಿಲು. “ಅವಳು ನಲವತ್ತು ವರ್ಷದಿಂದ ಹತ್ತುತ್ತಿದ್ದಾಳೆ. ತೆರೆಯ ಲೆಕ್ಕ ಗೊತ್ತುಂಟು. ರೈಲಿಗೆ ತೆರೆ ಇಲ್ಲವಲ್ಲ, ಅದು ಮೇಲೆ ಬರುವುದೇ ಇಲ್ಲ.”

ಶಸ್ತ್ರಚಿಕಿತ್ಸೆಯಾಗಿ ಅವರ ಹೆಂಡತಿ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಮಾಷ್‌ಗೆ ಬೇಸರ. ಸಂಜೆ ಪಂಪ್‌ವೆಲ್ ಸರ್ಕಲಿನವರೆಗೆ ನಡೆದು ಬರುತ್ತಿದ್ದರು. ಆಗ ಮೇಲ್ಸೇತುವೆಯ ಕಂಬಗಳು ಎದ್ದು ನಿಂತು ಅಲ್ಲಿಗೇ ನಿಂತಿದ್ದವು. ಅದನ್ನು ನೋಡಿ ಒಂದು ದಿನ ಕೇಳಿದರು: “ಸೇತುವೆ ಕಟ್ಟಿದ್ದಾರೆ, ಕೆಳಗೆ ನೀರೇ ಇಲ್ಲವಲ್ಲ?” ಜೂನ್ ತಿಂಗಳಲ್ಲಿ ಬನ್ನಿ ಮಾಷ್, ನೀರೂ ಬರುತ್ತದೆ ಎಂದೆ. ಪಕ್ಕದ ತೋಡು ಉಕ್ಕಿ ಅಂಗಡಿಗಳಿಗೆ ನೀರು ನುಗ್ಗುವುದನ್ನು ಅವರಿಗೆ ವಿವರಿಸಬೇಕಾಯಿತು.

ಅವರನ್ನು ಬಂದರಿಗೆ ಕರೆದೊಯ್ದೆ. ಅಪ್ಪನ ಮಂಡಿ ಇದ್ದ ಜಾಗದಲ್ಲಿ ಈಗ ಬೇರೆ ಕಟ್ಟಡ. ಆದರೆ ಮಂಜಿಗಳು ಇದ್ದವು, ಈಗ ಎಂಜಿನ್ ಕೂರಿಸಿದವು. ಜಲ್ಲಿ, ಸಿಮೆಂಟು, ತರಕಾರಿ ತುಂಬುತ್ತಿದ್ದರು. ಮಾಷ್ ಮಂಜಿಯ ಹೆಸರು ಓದಿದ್ದೇ, ಮೇಲಿದ್ದವನನ್ನು ಕೂಗಿ ಕರೆದರು. ಅವನು ಇವರ ಶಿಷ್ಯ! ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಹಿಂದಕ್ಕೆ ಬಚ್ಚಿಟ್ಟುಕೊಂಡು ನಿಂತ ರೀತಿ ನೋಡಬೇಕಿತ್ತು. ಗಡ್ಡ ನೆರೆತಿತ್ತು, ಆದರೂ ಹೋಂವರ್ಕ್ ಮಾಡದವನ ಮುಖ.

ಆಮೇಲೆ ಬೆಂಗ್ರೆಯ ಫೆರಿ. ನಾನು ಅಭ್ಯಾಸದಂತೆ ಕಂಬ ಹಿಡಿದೆ. ಮಾಷ್ ನಡುವಿನಲ್ಲಿ, ಏನನ್ನೂ ಹಿಡಿಯದೆ, ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತರು. ದೋಣಿ ವಾಲಿದರೂ ಅವರ ಭುಜ ಅಲ್ಲಾಡಲಿಲ್ಲ. ಬುಟ್ಟಿಯ ಹೆಂಗಸೊಬ್ಬರು ನನ್ನ ಕಡೆ ತಿರುಗಿ, “ಇವರು ನಮ್ಮವರು, ನೀವು ಎಲ್ಲಿಯವರು?” ಎಂದರು. ಪಂಪ್‌ವೆಲ್ ಎಂದೆ. ಅಷ್ಟಕ್ಕೆ ಎಲ್ಲ ಅರ್ಥವಾದಂತೆ ತಲೆಯಾಡಿಸಿದರು. ಆಚೆ ಹೋಗಿ ಕಡಲ ಕರೆಯಲ್ಲಿ ನಿಂತಾಗ ಮಾಷ್ ಪಡುವಣಕ್ಕೆ ಕೈ ತೋರಿಸಿ, ಅಲ್ಲಿ ನೇರ ನಮ್ಮ ಮನೆ ಎಂದರು. ನನಗೆ ಅದುವರೆಗೆ ಆ ದಿಕ್ಕಿನಲ್ಲಿ ಇದ್ದದ್ದು ಸೂರ್ಯಾಸ್ತ ಮಾತ್ರ.

2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ನೂರರವತ್ತು ಪ್ರಯಾಣಿಕರನ್ನು ಹೊತ್ತು ಹಳೆ ಬಂದರಿಗೆ ಬಂದ ಸುದ್ದಿ ಪತ್ರಿಕೆಯಲ್ಲಿ ಓದಿದೆ. ಏಳು ಗಂಟೆಯ ದಾರಿ. ಊರಿನ ಕೆಲವರು ಇನ್ನು ಪ್ರವಾಸೋದ್ಯಮ ಬೆಳೆಯುತ್ತದೆ, ದ್ವೀಪಕ್ಕೆ ಪ್ಯಾಕೇಜ್ ಟೂರ್ ಬರುತ್ತದೆ ಎಂದು ಹಿಗ್ಗಿದರು. ಬರಲಿ, ಬೇಡ ಎನ್ನಲು ನಾನು ಯಾರು? ಆದರೆ ಚಿತ್ರದಲ್ಲಿ ಇಳಿಯುತ್ತಿದ್ದವರ ಕೈಯಲ್ಲಿ ಕ್ಯಾಮೆರಾ ಕಾಣಲಿಲ್ಲ, ಖಾಲಿ ಚೀಲ ಕಂಡವು. ಮಾರುಕಟ್ಟೆಗೆ ಬಂದವರು, ಆಸ್ಪತ್ರೆಗೆ ಬಂದವರು. ಮಾಷ್‌ಗೆ ಫೋನ್ ಮಾಡಿದೆ. ಅವರಿಗೆ ಸಂಭ್ರಮಕ್ಕಿಂತ ಹೆಚ್ಚಾಗಿ ಲೆಕ್ಕಾಚಾರ: ಮಳೆಗಾಲ ಕಳೆದ ಮೇಲೂ ಬರುತ್ತದೋ, ವಾರಕ್ಕೆ ಎಷ್ಟು ಸಲ ಬರುತ್ತದೋ. ಬಸ್ಸಿನ ಬಗ್ಗೆ ನಾವು ಕೇಳುವುದೂ ಅದನ್ನೇ ಅಲ್ಲವೇ.

ಅವರು ಪ್ರತಿ ಫೋನಿನಲ್ಲೂ ನಮ್ಮನ್ನು ಕರೆಯುತ್ತಾರೆ. ದ್ವೀಪಕ್ಕೆ ಹೋಗಲು ಹೊರಗಿನವರಿಗೆ ಪರವಾನಗಿ ಬೇಕು. ಅಲ್ಲಿನವರೊಬ್ಬರು ನಮ್ಮ ಹೊಣೆ ಹೊರಬೇಕು, ಇಲ್ಲಿನ ಪೊಲೀಸ್ ಠಾಣೆಯಿಂದ ನಾವು ಸಭ್ಯರೆಂದು ಚೀಟಿ ತರಬೇಕು. ಹೊಣೆ ಹೊರಲು ಮಾಷ್ ತಯಾರು. ಅಗತ್ತಿಗೆ ವಿಮಾನದಲ್ಲಿ ಹಾರಿ ಅಲ್ಲಿಂದ ಮುಂದೆ ಹೋಗೋಣ ಎಂದು ಮಗ ಹೇಳುತ್ತಾನೆ. ಮಾಷ್ ಒಪ್ಪುವುದಿಲ್ಲ, ಹಡಗಿನಲ್ಲೇ ಬರಬೇಕಂತೆ, ಇಲ್ಲದಿದ್ದರೆ ಬಂದ ಹಾಗೆ ಆಗುವುದಿಲ್ಲವಂತೆ. ನನ್ನ ಹೆಂಡತಿ ಬಾಗಿಲ ಬಳಿ ತೆರೆ ಏರುವ ಕಥೆಯನ್ನು ಅವರ ಹೆಂಡತಿಯಿಂದ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಾಳೆ. ಸೀರೆಯಲ್ಲಿ ಅದು ಆಗುವ ಕೆಲಸವಲ್ಲ ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ಅರವತ್ತೈದರ ಹರೆಯದಲ್ಲಿ ಮೊದಲ ಚೂಡಿದಾರ್; ಕಂಕನಾಡಿಯ ಟೈಲರ್ ಹತ್ತಿರ ಅಳತೆ ಕೊಟ್ಟು ಬಂದಿದ್ದಾಳೆ, ಪ್ಯಾಂಟು ಸ್ವಲ್ಪ ಗಿಡ್ಡ ಇರಲಿ ಎಂದು ಹೇಳಿ.